ಹತ್ತು ಪರ್ಸೆಂಟ್ ಎಂದು ನಾನು ಹೇಳಿದ ಸುಳ್ಳು

2022ರಲ್ಲಿ ನಾನು ಸಾಗರದ ಒಂದು ಖಾಸಗಿ ಲ್ಯಾಬಿನ ಹಿಸ್ಟೋಪೆಥಾಲಜಿ ವಿಭಾಗದಲ್ಲಿ ಅಟೆಂಡರ್ ಆಗಿದ್ದೆ. ವಿಭಾಗ ಎಂದರೆ ದೊಡ್ಡದೇನಲ್ಲ. ಹಿಂಬದಿಯ ಒಂದು ಕೋಣೆ, ಒಂದು ಸಿಂಕು, ಮೇಣ ಕರಗಿಸುವ ಒಂದು ಪೆಟ್ಟಿಗೆ, ಮತ್ತೆ ನಾನು. ಆಪರೇಷನ್ನಿನಲ್ಲಿ ತೆಗೆದ ತುಂಡುಗಳು ಪಟ್ಟಣದ ನರ್ಸಿಂಗ್ ಹೋಮುಗಳಿಂದ ನಮ್ಮಲ್ಲಿಗೆ ಬರುತ್ತಿದ್ದವು. ಅವು ಕೊಳೆಯದಂತೆ ನೋಡಿಕೊಂಡು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಹರಡುವುದು ನನ್ನ ಕೆಲಸ. ವಾರಕ್ಕೆ ಎರಡು ಸಲ ಶಿವಮೊಗ್ಗದಿಂದ ಬರುತ್ತಿದ್ದ ಪೆಥಾಲಜಿಸ್ಟ್ ಪದ್ಮಾ ಮೇಡಂ ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಯಾವುದೆಂದು ಬರೆಯುತ್ತಿದ್ದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಮಾಡಿದ್ದು ಇಪ್ಪತ್ತೇಳು ವರ್ಷ.

ಓದಿನ ವಿಷಯ ಮೊದಲೇ ಹೇಳಲು ಕಾರಣವಿದೆ. ನಾನು ಮಾಡಿದ್ದನ್ನು ಕೇಳಿದವರೆಲ್ಲ ಕೊನೆಗೆ ಒಂದೇ ಮಾತು ಹೇಳುತ್ತಾರೆ: "ಅಯ್ಯೋ ಮಂಜಣ್ಣ, ನೀವು ಓದಿಲ್ಲ, ಗೊತ್ತಿರ್ಲಿಲ್ಲ, ಬಿಡಿ." ನಾನು ಬಿಡುವುದಿಲ್ಲ. ಗೊತ್ತಿಲ್ಲದೆ ಮಾಡಿದ್ದು ಒಂದಿದೆ, ಗೊತ್ತಿದ್ದು ಮಾಡಿದ್ದು ಇನ್ನೊಂದಿದೆ. ಎರಡನ್ನೂ ಬಿಡಿಸಿ ಬರೆಯುತ್ತೇನೆ. ಓದಿದ ಮೇಲೆ ದಯವಿಟ್ಟು ನನ್ನನ್ನು ಸಮಾಧಾನ ಮಾಡಲು ಯಾರೂ ಬರಬೇಡಿ.

ಆ ವರ್ಷ ಆಗಸ್ಟಿನಲ್ಲಿ ಕಾರ್ಗಲ್ಲಿನಿಂದ ಒಂದು ಹೆಣ್ಣುಮಗುವನ್ನು ಸಾಗರದ ನರ್ಸಿಂಗ್ ಹೋಮಿಗೆ ತಂದರು. ಹೆಸರು ಸಾನ್ವಿ, ವಯಸ್ಸು ಮೂರು. ಊರು ತೀರ್ಥಹಳ್ಳಿ. ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಬಂದವಳು ಆಡುತ್ತಾ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಳು. ಸಣ್ಣ ಪೆಟ್ಟು. ಆದರೆ ಹೊಟ್ಟೆ ಉಬ್ಬಿ, ಮೈ ಬೆಳ್ಳಗಾಗಿ, ಮಗು ಮಾತು ನಿಲ್ಲಿಸಿತ್ತು. ಸರ್ಜನ್ ಹೊಟ್ಟೆ ತೆರೆದಾಗ ಲಿವರಿನಲ್ಲಿ ಗಡ್ಡೆ ಇತ್ತು. ಬಿದ್ದ ಏಟಿಗೆ ಅದು ಒಡೆದು ರಕ್ತ ಸುರಿಯುತ್ತಿತ್ತು. ಅವರು ರಕ್ತ ನಿಲ್ಲಿಸಿ, ಗಡ್ಡೆಯ ಒಂದು ತುಂಡು ತೆಗೆದು ನಮಗೆ ಕಳಿಸಿ, ಮಗುವನ್ನು ಆಂಬುಲೆನ್ಸಿನಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ತುಂಡು ನೆಲ್ಲಿಕಾಯಿಯಷ್ಟಿತ್ತು. ಅಂದು ಪದ್ಮಾ ಮೇಡಂ ಲ್ಯಾಬಿನಲ್ಲೇ ಇದ್ದರು. ಅವರೇ ಅಳೆದು ಬೆರೆಸಿಟ್ಟಿದ್ದ ಫಾರ್ಮಲಿನ್ ದ್ರವದಲ್ಲಿ ಅದನ್ನು ಹಾಕಿದೆವು. ಮರುದಿನ ಬೆಳಿಗ್ಗೆ ಮೇಡಂ ಅದರಿಂದ ಒಂದು ಸಣ್ಣ ಹೋಳು ಕತ್ತರಿಸಿ ಕೊಟ್ಟರು. ನಾನು ಅದನ್ನು ಮೇಣದಲ್ಲಿ ಕೂರಿಸಿದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಇಂಥ ಮೇಣದ ತುಂಡಿಗೆ ನಾವು ಬ್ಲಾಕ್ ಎನ್ನುತ್ತೇವೆ. ಹೋಳು ನೋಡಿ ಮೇಡಂ ಬರೆದರು: ಹೆಪಟೋಬ್ಲಾಸ್ಟೋಮಾ. ಚಿಕ್ಕ ಮಕ್ಕಳ ಲಿವರಿಗೆ ಬರುವ ಕ್ಯಾನ್ಸರ್. ನನ್ನ ಇಪ್ಪತ್ತೇಳು ವರ್ಷದಲ್ಲಿ ಅದೇ ಮೊದಲನೆಯದು.

ಉಳಿದ ತುಂಡು ಜಾಡಿಯಲ್ಲಿ ನನ್ನ ಬಳಿ ಉಳಿಯಿತು. ರಿಪೋರ್ಟ್ ಹೋಗಿ ಕೆಲವು ವಾರವಾದ ಮೇಲೆ ಅದನ್ನು ವಿಲೇವಾರಿ ಮಾಡುವುದು ರೂಢಿ. ಮಗುವಿನದು, ಮುಂದೆ ಬೇಕಾದೀತು ಎಂದು ನಾನು ಇಟ್ಟುಕೊಂಡೆ. ಇಟ್ಟುಕೊಂಡಿದ್ದು ತಪ್ಪಲ್ಲ. ಇಟ್ಟ ಬಗೆ ತಪ್ಪು.

ಫಾರ್ಮಲಿನ್ ಡಬ್ಬದಲ್ಲಿ ಬರುವಾಗ ಬಹಳ ಖಾರ. ಒಂದು ಪಾಲಿಗೆ ಒಂಬತ್ತು ಪಾಲು ನೀರು ಮತ್ತು ಅಳೆದ ಉಪ್ಪು ಸೇರಿಸಬೇಕು. ಅದನ್ನೇ ಹತ್ತು ಪರ್ಸೆಂಟ್ ಎನ್ನುವುದು. ನಮ್ಮ ಮನೆ ಇಕ್ಕೇರಿ ದಾರಿಯಲ್ಲಿ. ನಮ್ಮ ಅವ್ವ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಮೂರು ವರ್ಷ ಇಟ್ಟರೂ ಕಚ್ಚಿದರೆ ಸದ್ದು ಬರುತ್ತಿತ್ತು. ಉಪ್ಪು ಹಾಕಲು ಕೈ ಬಿಗಿಹಿಡಿದವಳ ಮಿಡಿ ಮೆತ್ತಗಾಗುತ್ತದೆ ಎಂಬುದು ಅವಳ ಮಾತು. ನಾನು ಆ ಲೆಕ್ಕವನ್ನು ಲ್ಯಾಬಿಗೆ ತಂದೆ. ಬಹಳ ದಿನ ಇಡಬೇಕಾದ ಜಾಡಿಗೆ ನೀರು ಬೆರೆಸದ ಫಾರ್ಮಲಿನ್ನನ್ನೇ ಡಬ್ಬದಿಂದ ನೇರ ಸುರಿಯುತ್ತಿದ್ದೆ. ತುಂಡು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ನನ್ನ ಜಾಡಿಗಳಲ್ಲಿ ಒಂದೂ ಕೊಳೆತಿಲ್ಲ ಎಂದು ಹೊಸಬರಿಗೆ ತೋರಿಸಿ ಹೇಳುತ್ತಿದ್ದೆ. ಸಾನ್ವಿಯ ಜಾಡಿಗೆ ಹತ್ತೊಂಬತ್ತು ತಿಂಗಳಲ್ಲಿ ಐದಾರು ಸಲ ಹೀಗೆ ಸುರಿದೆ. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮಾಡಬಹುದೇ ಎಂದು ನಾನೂ ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಮಗುವಿಗೆ ಕೀಮೋ ಔಷಧಿ ಕೊಟ್ಟು ಗಡ್ಡೆ ಕುಗ್ಗಿಸಿ, ಆಪರೇಷನ್ ಮಾಡಿ ತೆಗೆದಿದ್ದರು. ಒಂದು ವರ್ಷ ಚೆನ್ನಾಗಿದ್ದಳು. 2024ರ ಮಾರ್ಚಿನಲ್ಲಿ ಎಎಫ್‌ಪಿ ಎಂಬ ರಕ್ತಪರೀಕ್ಷೆಯ ಅಂಕಿ ಏರಿತು. ಈ ರೋಗ ಮರಳಿದರೆ ಅದು ಮೊದಲು ತೋರುವುದು ಅಲ್ಲೇ. ಸ್ಕ್ಯಾನಿನಲ್ಲಿ ಲಿವರಿನೊಳಗೆ, ದೊಡ್ಡ ರಕ್ತನಾಳಕ್ಕೆ ಅಂಟಿದಂತೆ ಹೊಸ ಗಡ್ಡೆ ಕಂಡಿತು.

ಆಗ ನಮ್ಮ ಲ್ಯಾಬಿಗೆ ಮಗುವಿನ ತಂದೆ ಸುರೇಶ ಬಂದರು. ಅವರು ಸಾಗರ–ಹೊಸನಗರ–ತೀರ್ಥಹಳ್ಳಿ ಖಾಸಗಿ ಬಸ್ಸಿನ ಡ್ರೈವರ್. ಕರಾವಳಿಯ ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ಡಾಕ್ಟರ್ ಶೈಲಾ ಅವರ ಚೀಟಿ ತಂದಿದ್ದರು. ಕೀಮೋ ತಾಗುವ ಮೊದಲಿನ ತುಂಡು ಅಥವಾ ಬ್ಲಾಕ್ ಇದ್ದರೆ ಕೊಡಿ, ಜೀನ್ ಪರೀಕ್ಷೆ ಮಾಡಬೇಕು ಎಂದಿತ್ತು.

"ಎಂತಕ್ಕೆ ಈ ಪರೀಕ್ಷೆ?" ಎಂದು ಕೇಳಿದೆ.

ಸುರೇಶ ತಮಗೆ ಅರ್ಥವಾದಂತೆ ಹೇಳಿದರು. ಮಗು ಹೊಟ್ಟೆಯಲ್ಲಿದ್ದಾಗ ಲಿವರಿನ ಜೀವಕೋಶಗಳಿಗೆ ಬೆಳೆಯಿರಿ ಎಂಬ ಸಂದೇಶ ಹೋಗುತ್ತದಂತೆ. ಬೀಟಾ-ಕೆಟೆನಿನ್ ಎಂಬ ಪ್ರೋಟೀನ್ ಆ ಸಂದೇಶ ಹೊತ್ತು ಕೋಶದ ಒಳಕೋಣೆಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕೋಶವೇ ಅದನ್ನು ಒಡೆದುಹಾಕಬೇಕು. ಈ ರೋಗದಲ್ಲಿ ಬಹಳಷ್ಟು ಮಕ್ಕಳಿಗೆ ಆ ಪ್ರೋಟೀನಿನ ಜೀನ್ ಕೆಟ್ಟಿರುತ್ತದೆ. ಒಡೆಯಲು ಹೋದರೆ ಹಿಡಿತಕ್ಕೆ ಸಿಗುವುದಿಲ್ಲ. ಸಂದೇಶ ನಿಲ್ಲುವುದೇ ಇಲ್ಲ.

"ಅಂದ್ರೆ ಮಂಜಣ್ಣ, ಕಂಡಕ್ಟ್ರು ರೈಟ್ ರೈಟ್ ಅಂತ ಹೇಳ್ತಾನೇ ಇದಾನೆ, ಬಸ್ಸು ನಿಲ್ಸಾಕೆ ಆಗ್ತಿಲ್ಲ."

"ಕಂಡಕ್ಟರ್ ಬಾಯಿ ಮುಚ್ಸದಲ್ವಾ?"

"ನಾನೂ ಅದೇ ಕೇಳ್ದೆ. ಆ ಪ್ರೋಟೀನ್ ಕೈಗೆ ಸಿಗಲ್ವಂತೆ, ನಮ್ಮ ಕಂಡಕ್ಟ್ರು ಹಂಗೇ. ಅದ್ಕೆ ಡ್ರೈವರ್ ಕಿವಿ ಮುಚ್ಚೋ ಔಷಧಿ ಮಾಡ್ತಿದಾರಂತೆ. ಸಂದೇಶ ತಗಳೋ ಜಾಗಕ್ಕೆ ಅಡ್ಡ ನಿಲ್ಲೋದು. ಇನ್ನೂ ಪ್ರಯೋಗದಲ್ಲಿದೆ. ವಾಸಿಯಾಗ್ತದೆ ಅಂತ ಯಾರೂ ಹೇಳ್ತಿಲ್ಲ. ಆದ್ರೆ ಜೀನು ಕೆಟ್ಟಿದೆ ಅಂತ ತುಂಡಲ್ಲಿ ಕಂಡ್ರೆ ಮಾತ್ರ ಮಗೂನ ಸೇರಿಸ್ಕತಾರೆ."

ಆಪರೇಷನ್ನಿನಲ್ಲಿ ತೆಗೆದ ಗಡ್ಡೆ ಕೀಮೋಗೆ ಸತ್ತುಹೋಗಿತ್ತು, ಪರೀಕ್ಷೆಗೆ ಬಾರದು. ಹೊಸ ಗಡ್ಡೆಯಿಂದ ತುಂಡು ತೆಗೆಯಬಹುದಿತ್ತು. ಆದರೆ ಅದು ರಕ್ತನಾಳಕ್ಕೆ ಅಂಟಿತ್ತು, ಸೂಜಿ ಹಾಕುವುದು ಅಪಾಯ. ಹಾಗಾಗಿ ನಮ್ಮಲ್ಲಿದ್ದ ಹಳೆಯ ತುಂಡೇ ಅವರ ದಾರಿ. ಬ್ಲಾಕುಗಳನ್ನೆಲ್ಲ ಕಟ್ಟಡ ಬದಲಿಸಿದಾಗ ಗೋಡೌನಿಗೆ ತುಂಬಿದ್ದೆವು, ಹುಡುಕುವುದು ರಗಳೆ. ನನ್ನ ಕಪಾಟಿನಲ್ಲಿ ಇಡೀ ತುಂಡೇ ಇತ್ತಲ್ಲ. ದಾರಿಯಲ್ಲಿ ಕೆಡದಿರಲಿ ಎಂದು ಇನ್ನೊಂದಿಷ್ಟು ಡಬ್ಬದ ದ್ರವ ಸುರಿದು, ಮುಚ್ಚಳ ಬಿಗಿದು, ಸುರೇಶರ ಕೈಗೇ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, "ನೀವು ಇಟ್ಟಿದ್ದಕ್ಕೆ ಆಯ್ತು" ಎಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನೂ ಇಲ್ಲಿ ಬರೆದಿಡುತ್ತೇನೆ.

ಮೂರು ವಾರದ ಮೇಲೆ ಡಾಕ್ಟರ್ ಶೈಲಾ ಲ್ಯಾಬಿಗೆ ಫೋನ್ ಮಾಡಿದರು. ಮಾಲೀಕ ಶ್ರೀಧರಣ್ಣ ರಿಸೀವರ್ ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತರು. ತುಂಡಿನಲ್ಲಿ ಡಿಎನ್‌ಎ ಪುಡಿಪುಡಿಯಾಗಿದೆ, ಪರೀಕ್ಷೆ ಆಗಲಿಲ್ಲ ಎಂದರು ಡಾಕ್ಟರ್. "ಯಾವ ಫಾರ್ಮಲಿನ್‌ನಲ್ಲಿ ಇಟ್ಟಿದ್ರಿ? ನೀರು ಬೆರೆಸದ ಫಾರ್ಮಲಿನ್ ತುಂಬ ದಿನ ತಾಗಿದ್ರೆ ಹೀಗೆ ಆಗತ್ತೆ, ಅದಕ್ಕೆ ಕೇಳ್ತಿದೀನಿ."

ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಾಯಿತು. ಕಲ್ಲಿನಂತೆ ಗಟ್ಟಿಯಾಗಿದ್ದು ಹೊರಗೆ ಮಾತ್ರ, ಒಳಗಿನ ಬರಹವನ್ನು ನಾನು ಸುಟ್ಟಿದ್ದೆ. ಅಲ್ಲಿಯವರೆಗಿನದು ಗೊತ್ತಿಲ್ಲದೆ ಮಾಡಿದ ತಪ್ಪು. ಇನ್ನು ಮುಂದಿನದು ಗೊತ್ತಿದ್ದು ಮಾಡಿದ್ದು.

"ಹತ್ತು ಪರ್ಸೆಂಟ್, ಮೇಡಂ," ಎಂದೆ. "ನಾವು ಯಾವಾಗಲೂ ಹತ್ತೇ."

"ಹಾಗಾದ್ರೆ ಗಡ್ಡೆ ಒಡೆದಾಗಲೇ ಆ ಭಾಗ ಸತ್ತಿತ್ತು ಅಂತ ಕಾಣತ್ತೆ. ಅದೇ ತುಂಡಿನ ಬ್ಲಾಕ್ ಕೂಡ ಪ್ರಯೋಜನಕ್ಕೆ ಬರಲ್ಲ. ಸರಿ," ಎಂದು ಡಾಕ್ಟರ್ ಫೋನ್ ಇಟ್ಟರು.

ಬಾಗಿಲು ಮುಚ್ಚಿದ್ದು ಅಲ್ಲಿ. ನಾನು ನಿಜ ಹೇಳಿದ್ದರೆ ಅವರು ಅಂದೇ ಬ್ಲಾಕ್ ಕೇಳುತ್ತಿದ್ದರು. ಬ್ಲಾಕ್ ಆಗಿದ್ದು ಮೊದಲ ದಿನದ ಒಳ್ಳೆಯ ದ್ರವದಲ್ಲಿದ್ದ ಹೋಳಿನಿಂದ, ನಾನು ಡಬ್ಬ ಎತ್ತುವ ಮೊದಲು. ಶ್ರೀಧರಣ್ಣ ನನ್ನ ಬೆನ್ನು ತಟ್ಟಿ, "ಲ್ಯಾಬ್ ಹೆಸರು ಉಳಿಸ್ದೆ ಮಾರಾಯ" ಎಂದರು. ನಾನು ಹೇಳಿದ್ದು ಸುಳ್ಳೆಂದು ಅವರಿಗೂ ಗೊತ್ತಿತ್ತು.

ಏಳು ವಾರ ನಾನು ಬಾಯಿ ಬಿಡಲಿಲ್ಲ. ಆ ಏಳು ವಾರದಲ್ಲಿ ಮಗುವಿಗೆ ಮತ್ತೆ ಕೀಮೋ ಕೊಟ್ಟರು. ಬೇರೆ ದಾರಿ ಇರಲಿಲ್ಲ.

ಜೂನ್ ತಿಂಗಳ ಒಂದು ಗುರುವಾರ ಮಗುವಿನ ತಾಯಿ ಸುಜಾತ ಲ್ಯಾಬಿಗೆ ಬಂದರು. ಅವರು ತೀರ್ಥಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಕೀಮೋ ಹಿಡೀತಿಲ್ಲ. ಸೋಮವಾರ ಸೂಜಿ ಹಾಕಿ ತುಂಡು ತೆಗಿತಾರೆ. ರಕ್ತ ನಿಲ್ದೇ ಹೋಗ್ಬಹುದು ಅಂತ ಬರ್ಸಿ ಸೈನ್ ತಗಂಡಿದಾರೆ. ಅದ್ಕೆ ಮುಂಚೆ ಒಂದ್ಸಲ ಕೇಳ್ಕಂಡು ಹೋಗಣ ಅಂತ ಬಂದೆ. ಆ ತುಂಡಿಂದು ಎಂತಾದ್ರೂ ಉಳ್ದಿದ್ಯಾ?"

"ಇಲ್ಲಮ್ಮ. ಇದ್ದಿದ್ದು ಕೊಟ್ಟಾಯ್ತು," ಎಂದರು ಶ್ರೀಧರಣ್ಣ.

ಸುಜಾತ ನನ್ನತ್ತ ನೋಡಿದರು. ನಾನು ಸಿಂಕಿನ ನಲ್ಲಿ ತಿರುಗಿಸಿ ಕೈ ತೊಳೆಯುತ್ತಾ ನಿಂತೆ. ಅವರು ಹೊರಟುಹೋದರು. ಕೈ ಒರೆಸಿಕೊಂಡ ಮೇಲೆ ನನಗೆ ನಿಲ್ಲಲಾಗಲಿಲ್ಲ. ಏಪ್ರನ್ ಕಳಚಿ ಕುರ್ಚಿಯ ಮೇಲೆ ಹಾಕಿದೆ.

"ಎಲ್ಲಿಗೋ?" ಎಂದರು ಶ್ರೀಧರಣ್ಣ.

"ಬ್ಲಾಕ್ ಇದೆ ಅಂತ ಹೇಳಾಕೆ."

"ತಲೆ ಸರಿ ಇದ್ಯಾ ನಿಂಗೆ? ಹೇಳಿದ್ರೆ ಎಂತಕ್ಕೆ ಸುಳ್ಳು ಹೇಳಿದ್ರಿ ಅಂತ ಕೇಳ್ತಾರೆ. ಕೇಸು ಹಾಕ್ತಾರೆ. ನಾಳೆಯಿಂದ ಈ ಮೆಟ್ಲು ಹತ್ತೋದು ಬೇಡ."

"ಆಯ್ತು. ಗೋಡೌನ್ ಕೀ ನನ್ನ ಹತ್ರ ಇದೆ. ಕೆಲಸ ಮುಗಿದ ಮೇಲೆ ತಂದು ಕೊಡ್ತೀನಿ."

ಬಸ್ ಸ್ಟ್ಯಾಂಡಿನಲ್ಲಿ ಸುರೇಶರ ಬಸ್ಸು ಹೊರಡುವುದರಲ್ಲಿತ್ತು. ಸುಜಾತ ಡ್ರೈವರ್ ಹಿಂದಿನ ಸೀಟಿನಲ್ಲಿದ್ದರು. ನಾನು ಪಕ್ಕದಲ್ಲಿ ಕೂತೆ. ಬಸ್ಸು ಬಟ್ಟೆಮಲ್ಲಪ್ಪ ಎಂಬ ಊರು ದಾಟಿತು. ಆಮೇಲೆ ಎಲ್ಲ ಹೇಳಿದೆ: ಡಬ್ಬದ ದ್ರವ, ಫೋನು, ಹತ್ತು ಪರ್ಸೆಂಟ್. ಕನ್ನಡಿಯಲ್ಲಿ ಸುರೇಶರ ಕಣ್ಣು ನನ್ನನ್ನೇ ನೋಡುತ್ತಿತ್ತು. ಬಸ್ಸಿನ ವೇಗ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಹಿಂದೆ ನಲವತ್ತು ಜನ ಕೂತಿದ್ದರಲ್ಲ.

ಹೊಸನಗರದಲ್ಲಿ ಬಸ್ಸು ಟೀಗೆ ಹತ್ತು ನಿಮಿಷ ನಿಂತಿತು. ಮೂವರೂ ಇಳಿದೆವು. ನಾನು ಅಲ್ಲೇ ಬಗ್ಗಿ ಸುಜಾತರ ಕಾಲು ಮುಟ್ಟಲು ಹೋದೆ. ಅವರು ಹಿಂದೆ ಸರಿದರು.

"ಏಳಿ ಮೇಲೆ. ನಾನು ಕ್ಷಮಿಸ್ತೀನಿ ಅಂದ್ರೆ ನೀವು ಹಗುರಾಗಿ ಮನೆಗೆ ಹೋಗ್ತೀರಿ. ನಂಗೆ ಎಂತ ಸಿಗ್ತದೆ? ಕ್ಷಮಿಸಲ್ಲ ನಾನು. ಫೋನ್ ತಗಳಿ. ಡಾಕ್ಟ್ರಿಗೆ ಈಗ ಹೇಳಿ. ನನ್ನೆದ್ರಿಗೆ ಹೇಳಿ."

ಹೇಳಿದೆ. ಡಾಕ್ಟರ್ ಶೈಲಾ ಬೈಯಲಿಲ್ಲ. ಎರಡೇ ಪ್ರಶ್ನೆ ಕೇಳಿದರು. ಹೋಳನ್ನು ಬ್ಲಾಕ್ ಮಾಡಿದ್ದು ಯಾವಾಗ? ಅದಕ್ಕೆ ಮೊದಲು ಖಾರದ ಫಾರ್ಮಲಿನ್ ತಾಗಿತ್ತೇ? ಮರುದಿನ ಬೆಳಿಗ್ಗೆ, ತಾಗಿರಲಿಲ್ಲ ಎಂದೆ. "ಮೇಣದೊಳಗೆ ಕೂತಿದ್ರೆ ಡಿಎನ್‌ಎ ಉಳಿದಿರಬಹುದು. ಸೂಜಿ ಬುಧವಾರಕ್ಕೆ ಮುಂದೂಡ್ತೀನಿ. ಅಷ್ಟರೊಳಗೆ ಬ್ಲಾಕ್ ನನ್ನ ಟೇಬಲ್ ಮೇಲೆ ಇರಬೇಕು," ಎಂದರು.

ಸುರೇಶ ಟೀ ಲೋಟ ಕೆಳಗಿಟ್ಟು, "ಟೈಮಾಯ್ತು, ನಾ ಹೊರಟೆ. ನೀವಿಬ್ರು ಎದುರು ಬಸ್ಸಿಗೆ ಸಾಗರಕ್ಕೆ ಹೋಗಿ ಹುಡುಕಿ," ಎಂದು ಹೇಳಿ ಸೀಟು ಹತ್ತಿದರು. ನನ್ನ ಮುಖ ನೋಡಲಿಲ್ಲ.

ಗೋಡೌನಿಗೆ ತಗಡಿನ ಮಾಡು. ಎರಡು ಬೇಸಿಗೆಯ ಕಾವಿಗೆ ಬ್ಲಾಕುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿ ಹೆಂಟೆಗಳಾಗಿದ್ದವು. ಎಲ್ಲವೂ ಒಂದೇ ಬಣ್ಣ. ಅಂಚಿನಲ್ಲಿ ನಾನೇ ಪೆನ್ಸಿಲಿನಿಂದ ಬರೆದ ನಂಬರು ಮಾತ್ರ ಗುರುತು. ಚಾಕು ಹಾಕಿ ಬಿಡಿಸಿದರೆ ಒಳಗಿನ ಹೋಳು ತುಂಡಾಗುತ್ತದೆ. ಸುಜಾತ ಐಸ್ ತರಿಸಿದರು. ತಂಪಿಗೆ ಮೇಣ ಬಿರುಸಾದಾಗ ಹೊಲಿಗೆ ಬಿಚ್ಚುವ ತಮ್ಮ ಸಣ್ಣ ಕೊಕ್ಕೆಯಿಂದ ಸಂದು ಬಿಡಿಸಿ ಒಂದೊಂದೇ ಎಬ್ಬಿಸಿದರು. ನಾನು ಕನ್ನಡಕ ಏರಿಸಿ ನಂಬರು ಓದಿದೆ. ಶುಕ್ರವಾರ ಮಧ್ಯಾಹ್ನ ಶ್ರೀಧರಣ್ಣ ಬಂದು ಬಾಗಿಲಲ್ಲಿ ನಿಂತರು.

"ಇದು ನನ್ನ ಜಾಗ. ಹೊರಗೆ ಬನ್ನಿ ಇಬ್ರೂ."

ಸುಜಾತ ತಲೆ ಎತ್ತದೆ ಹೇಳಿದರು: "ಜಾಗ ನಿಮ್ದು. ಇದ್ರೊಳಗೆ ಇರೋದು ನನ್ನ ಮಗಳು. ಪೊಲೀಸ್ರನ್ನ ಕರೀರಿ. ಅವ್ರೂ ಬಂದ್ರೆ ಒಂದು ಟ್ರೇ ಕೊಟ್ಟು ಹುಡುಕ್ಸೋಣ."

"ಬೆಳಕಿಗೆ ಅಡ್ಡ ನಿಂತಿದೀರಿ ಶ್ರೀಧರಣ್ಣ, ನಂಬರ್ ಕಾಣ್ತಿಲ್ಲ," ಎಂದೆ ನಾನು. ಇಪ್ಪತ್ತೇಳು ವರ್ಷದಲ್ಲಿ ಅವರಿಗೆ ಎದುರು ಹೇಳಿದ ಮೊದಲ ಮಾತು. ಅವರು ಬಾಗಿಲು ಬಿಟ್ಟು ಹೋದರು.

ಶನಿವಾರ ಸಿಕ್ಕಿತು. ಒಂದು ಮೂಲೆ ಒಡೆದಿತ್ತು, ಹೋಳು ಹಾಗೇ ಇತ್ತು. ಅದನ್ನು ಐಸಿನ ಫ್ಲಾಸ್ಕಿನಲ್ಲಿಟ್ಟು, ತೀರ್ಥಹಳ್ಳಿಗೆ ಹೋಗಿ, ಆಗುಂಬೆ ಘಾಟಿ ಇಳಿಯುವ ಮಿನಿಬಸ್ಸಿನಲ್ಲಿ ಕೂತೆ. ಸೋಮವಾರ ಬೆಳಿಗ್ಗೆ ಡಾಕ್ಟರ್ ಶೈಲಾ ಅವರ ಟೇಬಲ್ ಮೇಲೆ ಇಟ್ಟೆ. ಜೊತೆಗೆ ಒಂದು ಪತ್ರ: ಜಾಡಿಗೆ ನಾನು ಏನು ಸುರಿದೆ, ಎಷ್ಟು ಸಲ, ಫೋನಿನಲ್ಲಿ ಯಾವ ಸುಳ್ಳು ಹೇಳಿದೆ. ಕೆಳಗೆ ನನ್ನ ಪೂರ್ತಿ ಹೆಸರು, ಸಹಿ. "ಇದರ ಅಗತ್ಯ ಇಲ್ಲ, ಈ ವಯಸ್ಸಲ್ಲಿ ನಿಮಗೆ ಯಾಕೆ ತೊಂದರೆ," ಎಂದರು ಅವರು. ಫೈಲಿಗೆ ಹಾಕುವವರೆಗೂ ನಾನು ಎದ್ದು ಹೋಗಲಿಲ್ಲ.

ಪರೀಕ್ಷೆ ಆಯಿತು. ಬೀಟಾ-ಕೆಟೆನಿನ್ ಜೀನ್ ಕೆಟ್ಟಿರುವುದು ಸ್ಪಷ್ಟವಾಗಿ ಕಂಡಿತು. ಸೂಜಿ ಹಾಕುವುದು ತಪ್ಪಿತು. ಮುಂದಿನ ತಿಂಗಳು ಮಗುವನ್ನು ಪ್ರಯೋಗದ ಔಷಧಿಗೆ ಸೇರಿಸಿಕೊಂಡರು. ಎಎಫ್‌ಪಿ ಇಳಿಯತೊಡಗಿತು. ಗಡ್ಡೆ ಮಾಯವಾಗಿಲ್ಲ, ಕುಗ್ಗಿ ಅಲ್ಲೇ ನಿಂತಿದೆ. ಎಷ್ಟು ದಿನ ಹೀಗೆ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಕೋಶಗಳು ಇನ್ನೊಂದು ದಾರಿ ಹುಡುಕಿಕೊಳ್ಳಬಹುದು ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸಾನ್ವಿಗೆ ಈಗ ಆರು ತುಂಬಿದೆ, ಒಂದನೇ ಕ್ಲಾಸು.

ಇಲ್ಲಿಗೆ ಮುಗಿಸಿದ್ದರೆ ಇದು ನನ್ನ ಸಾಹಸದ ಕಥೆಯಾಗುತ್ತಿತ್ತು. ಆದರೆ ಈ ರೋಗಕ್ಕೆ ಕೊಡುವ ಕೀಮೋಗೆ ಒಂದು ಕೆಟ್ಟ ಗುಣವಿದೆ: ಕಿವಿಯ ಸೂಕ್ಷ್ಮ ಕೋಶಗಳನ್ನು ಕೊಲ್ಲುತ್ತದೆ. ಮೊದಲ ಸಲದ ಕೀಮೋ ಮುಗಿದಾಗ ಮಗುವಿನ ಕಿವಿ ಪರೀಕ್ಷೆ ಸರಿಯಿತ್ತು. ಆ ಏಳು ವಾರದ ಕೀಮೋ ಆದ ಮೇಲೆ ಇರಲಿಲ್ಲ. ಎರಡೂ ಕಿವಿಗೆ ಈಗ ಮೆಷಿನ್ ಹಾಕಿದ್ದಾರೆ. ಎರಡು ಸಲದ್ದೂ ಸೇರಿ ಹೀಗಾಗಿರಬಹುದು, ನಿಮ್ಮೊಬ್ಬರಿಂದಲೇ ಎನ್ನಲಾಗದು ಎಂದರು ಡಾಕ್ಟರ್. ಅವರು ಓದಿದವರು, ಅಳೆದು ಮಾತಾಡುತ್ತಾರೆ. ನಾನು ಅಳೆಯುವುದಿಲ್ಲ. ಆ ಏಳು ವಾರ ನನ್ನದು, ಪೂರ್ತಿ ನನ್ನದು. ಯಾರೂ ಅದರಲ್ಲಿ ಪಾಲು ಕೇಳಬೇಡಿ.

ಕೆಲಸ ಹೋಯಿತು. ಅದು ದೊಡ್ಡದಲ್ಲ. ಈಗ ತುಂಡು ಕೆಡಿಸಿದ ಕಥೆ ಹೇಳಲು ಯಾವ ಲ್ಯಾಬಿನ ಹೊಸಬರು ಕರೆದರೂ ಹೋಗುತ್ತೇನೆ, ಕರೆಯದ ಕಡೆಗೂ ಒಂದೆರಡು ಸಲ ಹೋಗಿದ್ದೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ಕೈಯ ತಪ್ಪಿಗೆ ಇನ್ನೊಂದು ಬ್ಲಾಕ್ ಎಲ್ಲೋ ಉಳಿದಿರಬಹುದು, ಅದನ್ನು ಹುಡುಕಬೇಡಿ ಎಂದು ಹೇಳುವುದು ಬಾಯಿಯ ತಪ್ಪು. ಮತ್ತೆ, ಸಂಸ್ಥೆಯ ಹೆಸರು ಉಳಿಸಿದ್ದಕ್ಕೆ ಯಾರಾದರೂ ಬೆನ್ನು ತಟ್ಟಿದರೆ, ಯಾರ ಹೊಟ್ಟೆಯ ಮೇಲೆ ಕಾಲಿಟ್ಟು ನಿಂತಿದ್ದೇನೆ ಎಂದು ಕೆಳಗೆ ನೋಡಿಕೊಳ್ಳಬೇಕು.

ಕಳೆದ ತಿಂಗಳು ತೀರ್ಥಹಳ್ಳಿಗೆ ಹೋದಾಗ ಸುಜಾತರ ಅಂಗಡಿಯೊಳಗೆ ಮೊದಲ ಸಲ ಕಾಲಿಟ್ಟೆ. ಎರಡು ಹೊಲಿಗೆ ಮೆಷಿನ್ ಓಡುತ್ತಿದ್ದವು. ಬ್ಲೌಸು ಕೊಡಲು ಬಂದ ನಾಲ್ಕೈದು ಹೆಂಗಸರಿದ್ದರು. ಸಾನ್ವಿ ಕೆಳಗೆ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು.

"ಈ ಅಜ್ಜ ಯಾರಮ್ಮ?"

ಸುಜಾತ ಬಟ್ಟೆಯಿಂದ ಕಣ್ಣು ಎತ್ತಲಿಲ್ಲ. "ಅವ್ರನ್ನೇ ಕೇಳು. ಹೇಳ್ತಾರೆ."

ನಾನು ಅವಳ ಎದುರು ನೆಲದ ಮೇಲೆ ಕೂತೆ. ಬೇರೆಯವರಿಗೆ ಕೇಳದ ಹಾಗೆ, ಮೆಲ್ಲಗೆ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ನನ್ನ ತುಟಿ ನೋಡಿದಳು. ಆಮೇಲೆ ಕಿವಿಯ ಮೆಷಿನ್ನು ಒತ್ತಿ ಹಿಡಿದಳು.

"ಕೇಳ್ಸಲ್ಲ ಅಜ್ಜ. ಜೋರಾಗಿ ಹೇಳಿ."

ಹೆಂಗಸರು ತಿರುಗಿ ನೋಡಿದರು. ಹೊಲಿಗೆ ಮೆಷಿನ್ನುಗಳು ಒಂದರ ಹಿಂದೊಂದು ನಿಂತವು. ನಾನು ಗಂಟಲು ಸರಿಮಾಡಿಕೊಂಡು, ರಸ್ತೆಗೆ ಕೇಳುವಷ್ಟು ಜೋರಾಗಿ, ನನ್ನ ಹೆಸರಿನಿಂದ ಶುರುಮಾಡಿ ಹೇಳಿದೆ.